ಹಿಡಿಯುವುದು ಯಾವುದನ್ನು, ಬಿಡುವುದು ಯಾವುದನ್ನು?

ಅರವತ್ತರ ಆಸುಪಾಸಿನವರು ಚಿಕಿತ್ಸಾಲಯಕ್ಕೆ ಬಂದು ಹೇಳಿಕೊಳ್ಳುವ ತೊಂದರೆಗಳಲ್ಲಿ ಒಂದು ಗುಂಪು ವೈದ್ಯರಿಗೆ ಬಹಳ ಪರಿಚಿತವಾದುದು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆ ಬರುವುದಿಲ್ಲ. ಉಂಡದ್ದು ಎದೆಯಲ್ಲಿಯೇ ನಿಂತಂತಾಗುತ್ತದೆ. ಹುಳಿತೇಗು, ಹೊಟ್ಟೆಯುಬ್ಬರ, ಕುತ್ತಿಗೆ ಮತ್ತು ಹೆಗಲುಗಳಲ್ಲಿ ಬಿಗಿತ, ಸಣ್ಣ ಮಾತಿಗೂ ಸಿಡಿಮಿಡಿ. ರಕ್ತ, ಮೂತ್ರ, ಇ.ಸಿ.ಜಿ. ಪರೀಕ್ಷೆಗಳ ವರದಿಗಳನ್ನು ನೋಡಿದರೆ ಹೇಳಿಕೊಳ್ಳುವಂತಹ ದೋಷ ಕಾಣುವುದಿಲ್ಲ. ನಿದ್ರೆಗೊಂದು ಗುಳಿಗೆ, ಹೊಟ್ಟೆಗೊಂದು ಚೂರ್ಣ ಕೇಳಿ ಪಡೆದುಕೊಂಡು ಹೊರಡುವ ಮುನ್ನ ಅವರಲ್ಲಿ ಅನೇಕರು ಬಾಗಿಲ ಬಳಿ ನಿಂತು ಒಂದು ಮಾತು ಹೇಳುತ್ತಾರೆ: “ನಾ ನೋಡ್ಲಿಲ್ಲಂದ್ರ ಮನ್ಯಾಗ ಯಾವ ಕೆಲಸಾನೂ ನೆಟ್ಟಗ ಆಗಂಗಿಲ್ರೀ.”

ರೋಗದ ಮೂಲ ಎಷ್ಟೋ ವೇಳೆ ಆ ಕೊನೆಯ ಮಾತಿನಲ್ಲಿರುತ್ತದೆ. ಮಗನ ವ್ಯಾಪಾರ, ಸೊಸೆಯ ಅಡುಗೆ, ಮೊಮ್ಮಗನ ಓದು, ಹೊಲದ ಆಳು, ನಾಳಿನ ಮಳೆ, ಇವೆಲ್ಲವೂ ತನ್ನ ಮುಷ್ಟಿಯೊಳಗೇ ಇರಬೇಕೆಂಬ ಹಟ ಮನಸ್ಸನ್ನು ಮಾತ್ರವಲ್ಲ, ಜಠರಾಗ್ನಿಯನ್ನೂ ನಿದ್ರೆಯನ್ನೂ ಹೃದಯವನ್ನೂ ದಣಿಸುತ್ತದೆ. ಹಾಗೆಂದು ಎಲ್ಲವನ್ನೂ ಬಿಟ್ಟು ಕೈಕಟ್ಟಿ ಕುಳಿತುಕೊಳ್ಳಿರೆಂದು ಆಯುರ್ವೇದವು ಹೇಳುವುದಿಲ್ಲ. ಕೆಲವನ್ನು ಬಿಗಿಯಾಗಿ ಹಿಡಿಯಬೇಕು, ಕೆಲವನ್ನು ತಡೆಯದೆ ಬಿಡಬೇಕು ಎಂಬುದು ನಮ್ಮ ಶಾಸ್ತ್ರದ ಸ್ಪಷ್ಟವಾದ ಉಪದೇಶ. ನಮ್ಮ ಇಂದಿನ ಬದುಕಿನಲ್ಲಿ ಈ ಎರಡು ಪಟ್ಟಿಗಳು ಅದಲುಬದಲಾಗಿವೆ. ಈ ಲೇಖನದ ವಿಷಯ ಅದೇ.

ಚರಕಾಚಾರ್ಯರ ಎರಡು ಪಟ್ಟಿಗಳು

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ‘ವೇಗ’ಗಳ ಕುರಿತಾದುದು. ವೇಗವೆಂದರೆ ದೇಹದಲ್ಲಿ ಅಥವಾ ಮನಸ್ಸಿನಲ್ಲಿ ತಾನಾಗಿ ಹುಟ್ಟಿ ಹೊರಬರಲು ಹವಣಿಸುವ ಒತ್ತಡ. ಇವುಗಳಲ್ಲಿ ಹದಿಮೂರನ್ನು ಎಂದಿಗೂ ತಡೆಯಬಾರದೆಂದು ಆಚಾರ್ಯರು ಹೇಳುತ್ತಾರೆ. ಮೂತ್ರ, ಮಲ, ಶುಕ್ರ, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ ಮತ್ತು ಶ್ರಮದಿಂದ ಬರುವ ಏದುಸಿರು, ಇವೇ ಆ ಹದಿಮೂರು ವೇಗಗಳು. ಇವುಗಳನ್ನು ತಡೆದರೆ ಏನಾಗುತ್ತದೆಂಬುದನ್ನೂ ಅಲ್ಲಿ ಒಂದೊಂದಾಗಿ ವಿವರಿಸಲಾಗಿದೆ. ಮಲವೇಗವನ್ನು ತಡೆದರೆ ಹೊಟ್ಟೆಶೂಲೆ, ತಲೆನೋವು, ಮೀನಖಂಡಗಳ ಸೆಳೆತ. ಮೂತ್ರವೇಗವನ್ನು ತಡೆದರೆ ಮೂತ್ರಕೋಶದಲ್ಲಿ ನೋವು, ಉರಿಮೂತ್ರ. ಹಸಿವನ್ನು ಕೊಂದರೆ ಕೃಶತೆ, ಬಲಹೀನತೆ, ಅರುಚಿ, ತಲೆಸುತ್ತು. ಕಣ್ಣೀರನ್ನು ತಡೆದರೆ ನೆಗಡಿ, ಕಣ್ಣಿನ ರೋಗ, ಹೃದ್ರೋಗ, ಅರುಚಿ.

ಅದೇ ಅಧ್ಯಾಯದಲ್ಲಿ ತಡೆಯಲೇಬೇಕಾದ ವೇಗಗಳ ಪಟ್ಟಿಯೂ ಇದೆ. ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ನಿರ್ಲಜ್ಜೆ, ಈರ್ಷ್ಯೆ, ಅತಿಯಾದ ಆಸಕ್ತಿ, ಪರರ ಸೊತ್ತಿನ ಮೇಲಣ ಆಸೆ, ಇವು ಮನಸ್ಸಿನಲ್ಲಿ ತಡೆಯಬೇಕಾದವು. ನಾಲಗೆಯಲ್ಲಿ ತಡೆಯಬೇಕಾದವು ಕಠೋರವಾದ ಮಾತು, ಅತಿಯಾದ ಮಾತು, ಚಾಡಿಮಾತು, ಸುಳ್ಳು ಮತ್ತು ಹೊತ್ತಲ್ಲದ ಹೊತ್ತಿನ ಮಾತು. ಪರಹಿಂಸೆ, ಪರಸ್ತ್ರೀಸಂಗ, ಕಳವುಗಳನ್ನು ದೇಹದಲ್ಲಿ ತಡೆಯಬೇಕು.

ಈಗ ನಮ್ಮ ದಿನಚರಿಯನ್ನು ಈ ಎರಡು ಪಟ್ಟಿಗಳ ಎದುರಿಗೆ ಇಟ್ಟು ನೋಡೋಣ. ಬಸ್ಸಿನ ಪ್ರಯಾಣದಲ್ಲಿ ತೊಂದರೆಯಾದೀತೆಂದು ನಮ್ಮ ಹೆಣ್ಣುಮಕ್ಕಳು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ; ಮೂತ್ರವನ್ನು ತಾಸುಗಟ್ಟಲೆ ತಡೆಯುತ್ತಾರೆ. ಅಂಗಡಿಯಲ್ಲಿ ಗಿರಾಕಿಗಳಿದ್ದಾರೆಂದು ಯಜಮಾನರು ಮಧ್ಯಾಹ್ನದ ಊಟವನ್ನು ನಾಲ್ಕು ಗಂಟೆಗೆ ತಳ್ಳುತ್ತಾರೆ. ಹತ್ತು ಗಂಟೆಗೆ ಬಂದ ಆಕಳಿಕೆಯನ್ನು ಟಿ.ವಿ.ಯ ಮುಂದೆ ಕುಳಿತು ಹಿಂದಿರುಗಿಸುತ್ತೇವೆ. ಗಂಡಸು ಅಳಬಾರದೆಂದು ತಂದೆಯ ಸಮಾಧಿಯ ಮುಂದೆಯೂ ಕಣ್ಣೀರನ್ನು ನುಂಗುತ್ತೇವೆ. ಆದರೆ ಸಿಟ್ಟು ಬಂದಾಗ ಅದನ್ನು ತಡೆಯಬೇಕೆಂದು ಹೊಳೆಯುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ, ಊಟದ ತಟ್ಟೆಯ ಮುಂದೆ ಕುಳಿತ ಮಗನಿಗೆ ಲೆಕ್ಕ ಕೇಳುವ ನಾಲಗೆಗೂ ಕಡಿವಾಣವಿಲ್ಲ. ಹೀಗೆ ಬಿಡಬೇಕಾದುದನ್ನು ಹಿಡಿದಿದ್ದೇವೆ, ಹಿಡಿಯಬೇಕಾದುದನ್ನು ಬಿಟ್ಟಿದ್ದೇವೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಶೋಕವನ್ನು ತಡೆ ಎಂದ ಆಚಾರ್ಯರೇ ಕಣ್ಣೀರನ್ನು ತಡೆಯಬೇಡ ಎಂದಿದ್ದಾರೆ. ಇದರಲ್ಲಿ ವಿರೋಧವಿಲ್ಲ. ಕಣ್ಣೀರು ಬಂದು ಹೋಗುವಂಥದು. ಹರಿದು ಹೋದರೆ ಎದೆ ಹಗುರಾಗುತ್ತದೆ. ಶೋಕವು ಹಿಡಿದು ಕೂಡ್ರುವಂಥದು, ಪೋಷಿಸಿದಷ್ಟೂ ಬೆಳೆಯುತ್ತದೆ. ಕಣ್ಣೀರನ್ನು ತಡೆದುದರಿಂದ ಬಂದ ರೋಗಕ್ಕೆ ನಿದ್ರೆಯನ್ನೂ ಪ್ರಿಯವಾದ ಮಾತುಕತೆಯನ್ನೂ ಚಿಕಿತ್ಸೆಯಾಗಿ ಹೇಳಿರುವುದು ನಮ್ಮ ಪ್ರಾಚೀನ ವೈದ್ಯರ ಅಂತಃಕರಣಕ್ಕೆ ಸಾಕ್ಷಿ.

ಮನಸ್ಸಿನ ಬಿಗಿತ ದೇಹಕ್ಕೆ ಇಳಿಯುವ ಬಗೆ

ಅತಿಯಾದ ಚಿಂತನೆಯಿಂದ ರಸವಹ ಸ್ರೋತಸ್ಸುಗಳು ದುಷ್ಟವಾಗುತ್ತವೆಂದು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಹೇಳಿದೆ. ಆಹಾರದಿಂದ ಮೊದಲು ಉತ್ಪತ್ತಿಯಾಗುವ ಧಾತುವೇ ರಸ. ಅದು ಹರಿಯುವ ಮಾರ್ಗಗಳಿಗೆ ಮೂಲ ಹೃದಯ. ಆದುದರಿಂದ ಚಿಂತೆಯ ಪೆಟ್ಟು ಹೃದಯಕ್ಕೂ ಪೋಷಣೆಗೂ ಒಮ್ಮೆಲೇ ತಗಲುತ್ತದೆ. ಹಿತವಾದ ಅನ್ನವನ್ನು ಮಿತವಾಗಿಯೇ ಉಂಡರೂ ಚಿಂತೆ, ಶೋಕ, ಭಯ, ಕ್ರೋಧಗಳಿಂದ ಕೂಡಿದವನಿಗೆ, ಸರಿಯಾದ ಹಾಸಿಗೆ ನಿದ್ರೆಗಳಿಲ್ಲದವನಿಗೆ ಅದು ಜೀರ್ಣವಾಗುವುದಿಲ್ಲವೆಂಬ ಮಾತೂ ಅದೇ ಸ್ಥಾನದಲ್ಲಿದೆ. ಪಥ್ಯವನ್ನು ಚಾಚೂ ತಪ್ಪದೆ ಪಾಲಿಸಿಯೂ ಹೊಟ್ಟೆ ಸರಿಹೋಗಲಿಲ್ಲವೆನ್ನುವವರು ಈ ಮಾತನ್ನು ಮನನ ಮಾಡಬೇಕು.

ಆಧುನಿಕ ವೈದ್ಯಶಾಸ್ತ್ರವೂ ಬೇರೆ ಭಾಷೆಯಲ್ಲಿ ಇದನ್ನೇ ಹೇಳುತ್ತದೆ. ಅಪಾಯ ಎದುರಾದಾಗ ನಮ್ಮ ಸಹಾನುಭೂತಿ ನರಮಂಡಲವು ಎಚ್ಚರಗೊಳ್ಳುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಸ್ರಾವಗಳು ಹೆಚ್ಚುತ್ತವೆ, ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ, ಜೀರ್ಣಾಂಗಗಳ ಕೆಲಸ ನಿಧಾನವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹೊಲದಲ್ಲಿ ಹಾವು ಕಂಡಾಗ ಇದು ಜೀವ ಉಳಿಸುವ ಏರ್ಪಾಡು. ಹಾವು ಸರಿದುಹೋದ ಮೇಲೆ ದೇಹ ತಾನಾಗಿ ಶಾಂತವಾಗುತ್ತದೆ. ಆದರೆ ಎಲ್ಲವನ್ನೂ ಕಾಯುತ್ತಲೇ ಇರುವವನಿಗೆ ಹಾವು ಸರಿದುಹೋಗುವುದೇ ಇಲ್ಲ. ಮಗ ತಡವಾಗಿ ಬಂದರೆ ಹಾವು, ಸಾರಿಗೆ ಉಪ್ಪು ಕಡಿಮೆಯಾದರೆ ಹಾವು, ಮೋಡ ಚದುರಿದರೆ ಹಾವು. ಇಡೀ ದಿನ ಯುದ್ಧಕ್ಕೆ ನಿಂತ ದೇಹಕ್ಕೆ ರಾತ್ರಿ ಹತ್ತು ಗಂಟೆಗೆ ಮಲಗು ಎಂದರೆ ಅದು ಹೇಗೆ ಕೇಳೀತು?

ನಿದ್ರೆಯೇ ಇದಕ್ಕೆ ಉತ್ತಮ ನಿದರ್ಶನ. ಆಹಾರ, ನಿದ್ರೆ, ಬ್ರಹ್ಮಚರ್ಯ ಇವು ದೇಹದ ಮೂರು ಉಪಸ್ತಂಭಗಳು. ಮನಸ್ಸು ದಣಿದು, ಇಂದ್ರಿಯಗಳು ತಮ್ಮ ವಿಷಯಗಳಿಂದ ಹಿಂದೆ ಸರಿದಾಗ ಮನುಷ್ಯನು ನಿದ್ರಿಸುತ್ತಾನೆಂದು ಚರಕರು ಹೇಳುತ್ತಾರೆ. ನಿದ್ರೆಯನ್ನು ಯಾರೂ ಪ್ರಯತ್ನದಿಂದ ಎಳೆತರಲಾರರು. ‘ಈಗ ನಿದ್ರೆ ಬರಲೇಬೇಕು’ ಎಂದು ಗಡಿಯಾರ ನೋಡುತ್ತ ಹೊರಳಾಡುವವನಿಗೆ ಆ ಪ್ರಯತ್ನವೇ ಎಚ್ಚರವಾಗುತ್ತದೆ. ಹಾಸಿಗೆ ಹಾಸುವುದು ನಮ್ಮ ಕೆಲಸ, ದೀಪ ಆರಿಸುವುದು ನಮ್ಮ ಕೆಲಸ. ನಿದ್ರೆ ಬರುವುದು ನಮ್ಮ ಕೆಲಸವಲ್ಲ. ಅನ್ನವನ್ನು ಅಗಿದು ನುಂಗುವವರೆಗೆ ನಮ್ಮ ಅಧಿಕಾರ, ಆಮೇಲಿನದು ಜಠರಾಗ್ನಿಯದು. ರೈತನು ಹೊಲವನ್ನು ಹದಮಾಡಿ ಹೊತ್ತಿಗೆ ಸರಿಯಾಗಿ ಬಿತ್ತಬಲ್ಲನು, ಮಳೆಯನ್ನು ತರಿಸಲಾರನು. ಮಕ್ಕಳನ್ನು ಬೆಳೆಸುವುದೂ ಇದೇ ಬಗೆಯದು.

ಒಂದು ಕೀಲಿಕೈಯ ಚಿಕಿತ್ಸೆ

ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಅಡತಿ ಅಂಗಡಿಯಿದ್ದ ಹಿರಿಯರೊಬ್ಬರು ಕೆಲವು ವರ್ಷಗಳ ಹಿಂದೆ ಚಿಕಿತ್ಸೆಗೆ ಬಂದಿದ್ದರು. ವಯಸ್ಸು 62. ರಕ್ತದೊತ್ತಡ 160/100. ಫಿಜಿಶಿಯನ್ ಕೊಟ್ಟ ಗುಳಿಗೆಗಳನ್ನು ತೆಗೆದುಕೊಳ್ಳುತ್ತಿದ್ದರೂ ಅದು ಹತೋಟಿಗೆ ಬಂದಿರಲಿಲ್ಲ. ನಿದ್ರೆ ಮೂರು ತಾಸು. ಅಂಗಡಿಯನ್ನು ಮಗನಿಗೆ ಒಪ್ಪಿಸಿ ಎರಡು ವರ್ಷವಾಗಿತ್ತು. ಆದರೆ ತಿಜೋರಿಯ ಕೀಲಿಕೈ ಇವರ ಉಡಿದಾರದಲ್ಲಿಯೇ ಇತ್ತು. ಪ್ರತಿದಿನ ಸಂಜೆ ಕಿರ್ದಿ ಪುಸ್ತಕವನ್ನು ಮನೆಗೆ ತರಿಸಿಕೊಂಡು ಊಟಕ್ಕೆ ಕುಳಿತ ಮಗನನ್ನು ವಿಚಾರಿಸುತ್ತಿದ್ದರು. ಮಗನಿಗೆ ಆಗ ಮೂವತ್ತೈದು ವರ್ಷ. ಹೆಂಡತಿ ಮಕ್ಕಳೊಂದಿಗೆ ಪುಣೆಗೆ ಹೋಗಿ ಬೇರೆ ಕೆಲಸ ನೋಡಿಕೊಳ್ಳುವ ಮಾತನ್ನು ಅವನು ತಾಯಿಯ ಬಳಿ ಎತ್ತಿದ್ದನು. ಈ ಸಂಗತಿಯನ್ನು ಹೇಳಿದವರು ಜೊತೆಗೆ ಬಂದಿದ್ದ ಆ ತಾಯಿಯೇ. ಹೇಳುವಾಗ ಅವರ ದನಿ ನಡುಗುತ್ತಿತ್ತು.

ರಕ್ತದೊತ್ತಡದ ಗುಳಿಗೆಗಳನ್ನು ಬಿಡಕೂಡದೆಂದೂ ಫಿಜಿಶಿಯನ್ನರನ್ನು ಮತ್ತೆ ಕಂಡು ಪ್ರಮಾಣವನ್ನು ಸರಿಪಡಿಸಿಕೊಳ್ಳಬೇಕೆಂದೂ ಅವರಿಗೆ ತಿಳಿಸಲಾಯಿತು. ನಿದ್ರೆಗೆ ಪಾದಾಭ್ಯಂಗವನ್ನು ಹೇಳಲಾಯಿತು. ಇವುಗಳೊಂದಿಗೆ ಇನ್ನೊಂದು ಪಥ್ಯ: ತಿಜೋರಿಯ ಕೀಲಿಕೈಯನ್ನು ಸೋಮವಾರ ಪೂಜೆಯ ನಂತರ ಮಗನ ಕೈಗೆ ಕೊಡಬೇಕು, ಲೆಕ್ಕವನ್ನು ತಿಂಗಳ ಕೊನೆಯ ದಿನ ಮಾತ್ರ, ಅದೂ ಅಂಗಡಿಯಲ್ಲಿಯೇ, ನೋಡಬೇಕು. ಊಟದ ಹೊತ್ತಿನಲ್ಲಿ ವ್ಯಾಪಾರದ ಮಾತು ಕೂಡದು.

ಮೊದಲ ವಾರ ಅವರ ನಿದ್ರೆ ಇನ್ನಷ್ಟು ಕೆಟ್ಟಿತು. ಇದು ಸಹಜ, ಬಹುಕಾಲ ಬಿಗಿದಿದ್ದ ಮುಷ್ಟಿಯನ್ನು ಬಿಚ್ಚುವಾಗ ಬೆರಳುಗಳು ನೋಯುತ್ತವೆ. ಎರಡನೆಯ ತಿಂಗಳಿನಲ್ಲಿ ಮಗನು ಒಬ್ಬ ವ್ಯಾಪಾರಿಗೆ ಕಡಲೆಯನ್ನು ಉದ್ದರಿ ಕೊಟ್ಟನು, ತಂದೆಯವರಾಗಿದ್ದರೆ ಕೊಡುತ್ತಿರಲಿಲ್ಲ. ಹಣ ಇಪ್ಪತ್ತು ದಿನ ತಡವಾಗಿ ಬಂದಿತು. ಆ ಇಪ್ಪತ್ತು ದಿನಗಳೂ ಅವರು ಬಾಯಿ ತೆರೆಯಲಿಲ್ಲ. ಹಣ ಬಂದ ದಿನ ಮಗನೇ ಬಂದು, “ಅಪ್ಪಾರ, ಇನ್ನ ಅವರಿಗೆ ಉದ್ದರಿ ಕೊಡಾಂಗಿಲ್ರೀ” ಎಂದನಂತೆ. ಎರಡು ವರ್ಷ ಸಂಜೆಯ ವಿಚಾರಣೆಯಿಂದ ಕಲಿಸಲಾಗದ್ದು ಇಪ್ಪತ್ತು ದಿನದ ಮೌನದಿಂದ ಕಲಿತಂತಾಯಿತು. ನಾಲ್ಕನೆಯ ತಿಂಗಳ ಹೊತ್ತಿಗೆ ಅವರು ರಾತ್ರಿ ಐದಾರು ತಾಸು ಮಲಗುತ್ತಿದ್ದರು. ರಕ್ತದೊತ್ತಡ 140/90ರ ಕೆಳಗೆ ಬಂದಿತ್ತು. ಗುಳಿಗೆ ಇಂದಿಗೂ ಇದೆ. ಕೀಲಿಕೈ ಕೊಟ್ಟದ್ದರಿಂದಲೇ ಎಲ್ಲವೂ ಸರಿಹೋಯಿತೆನ್ನುವುದು ವೈದ್ಯನಿಗೆ ಸಲ್ಲುವ ಮಾತಲ್ಲ. ಔಷಧದ ಪ್ರಮಾಣವೂ ಬದಲಾಗಿತ್ತು. ಆದರೆ ಮಗನು ಊರಿನಲ್ಲಿಯೇ ಉಳಿದನು. ಇದು ಯಾವ ಗುಳಿಗೆಯಿಂದಲೂ ಆಗುವಂತಹುದಲ್ಲ.

ತಾಯಂದಿರಲ್ಲಿ ಇದೇ ರೋಗವು ಅಡುಗೆಮನೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮಂಡಿನೋವಿನಿಂದ ನಿಲ್ಲಲಾಗದಿದ್ದರೂ ಸೊಸೆ ರೊಟ್ಟಿ ಬಡಿಯುವಾಗ ಬಾಗಿಲಿಗೆ ಆತು ನಿಂತು ನೋಡುವವರಿದ್ದಾರೆ. ಅವರ ಮಂಡಿಗೆ ಎಷ್ಟು ತೈಲ ಹಚ್ಚಿದರೇನು ಫಲ? ರೊಟ್ಟಿಯ ಅಂಚು ಸೀಳಿದರೆ ಸೀಳಲಿ. ಅನ್ನಕ್ಕೆ ಒಂದು ಹಿಡಿ ಅಕ್ಕಿ ಹೆಚ್ಚಾದರೆ ಆಗಲಿ. ಕುರ್ಚಿಯ ಮೇಲೆ ಕುಳಿತು ಬಿಸಿ ರೊಟ್ಟಿ ಉಂಡು, ಚೆನ್ನಾಗಿದೆಯೆಂದು ಒಂದು ಮಾತು ಹೇಳಿದರೆ ಮಂಡಿಗೂ ಹಿತ, ಮನೆಗೂ ಹಿತ.

ಅಂಗೈಯ ಪಾಠ

ನಮ್ಮ ಪರಂಪರೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ವಿಚಾರ ಹೊಸದಲ್ಲ. ಷಟ್‌ಸ್ಥಲಗಳಲ್ಲಿ ಭಕ್ತ, ಮಹೇಶಗಳ ನಂತರ ಬರುವುದು ಪ್ರಸಾದಿಸ್ಥಲ. ಬಂದುದನ್ನು ಶಿವನ ಪ್ರಸಾದವೆಂದು ಸ್ವೀಕರಿಸುವ ಮನಃಸ್ಥಿತಿಯೇ ಅದರ ತಿರುಳು. ಕಾಯಕವನ್ನು ಮಾಡು, ದಾಸೋಹವನ್ನು ಮಾಡು ಎಂದು 12ನೆಯ ಶತಮಾನದ ಶರಣರು ಕಲಿಸಿದರು. ಕಾಯಕದಲ್ಲಿ ಕೈ ಬಿಗಿಯುತ್ತದೆ, ದಾಸೋಹದಲ್ಲಿ ಕೈ ಬಿಚ್ಚುತ್ತದೆ. ಎರಡೂ ಸೇರಿದಾಗಲೇ ಬದುಕು ಆರೋಗ್ಯಕರವಾಗುತ್ತದೆ. ಉಸಿರನ್ನು ಒಳಗೆಳೆದುಕೊಂಡವನು ಹೊರಗೆ ಬಿಡಲೇಬೇಕಲ್ಲವೇ? ಅಂದಿನ ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಮಾರಯ್ಯನವರನ್ನು ಆಯ್ದಕ್ಕಿ ಲಕ್ಕಮ್ಮ ತಾಯಿ ಹಿಂದಕ್ಕೆ ಕಳುಹಿಸಿದ ಪ್ರಸಂಗ ಭಕ್ತರೆಲ್ಲರಿಗೂ ತಿಳಿದದ್ದೇ. ಅದನ್ನು ವೈದ್ಯನ ಕಣ್ಣಿನಿಂದ ನೋಡಿದರೆ ಆ ತಾಯಿ ಮಾಡಿದ್ದು ಒಂದು ಚಿಕಿತ್ಸೆ. ನಾಳಿನ ಭಯವೂ ಲೋಭವೂ ಮನೆಯ ಹೊಸ್ತಿಲನ್ನು ದಾಟುವ ಮೊದಲೇ ಅವರು ಅವನ್ನು ತಡೆದರು. ತಡೆಯಬೇಕಾದ ವೇಗಗಳ ಪಟ್ಟಿಯಲ್ಲಿ ಆ ಎರಡೂ ಇವೆ.

ಇಷ್ಟಲಿಂಗ ಪೂಜೆಯ ಹೊತ್ತಿನಲ್ಲಿ ಎಡ ಅಂಗೈಯನ್ನು ಗಮನಿಸಿರಿ. ಲಿಂಗವನ್ನು ಇರಿಸಿಕೊಳ್ಳಲು ಅಂಗೈ ತೆರೆದಿರಬೇಕು, ಆದರೆ ಅಲುಗಾಡಬಾರದು. ಮುಷ್ಟಿ ಬಿಗಿದರೆ ಲಿಂಗಕ್ಕೆ ಸ್ಥಳವಿಲ್ಲ. ಕೈ ಸೋತು ಜೋತರೆ ಲಿಂಗ ನಿಲ್ಲದು. ತೆರೆದ ಕೈ, ಸ್ಥಿರವಾದ ಕೈ, ಇವೆರಡೂ ಒಂದೇ ಕಾಲಕ್ಕೆ ಸಾಧ್ಯವೆಂಬುದನ್ನು ನಾವು ದಿನಾಲೂ ಅಭ್ಯಾಸ ಮಾಡುತ್ತಿದ್ದೇವೆ. ಪೂಜೆ ಮುಗಿಸಿ ಎದ್ದ ಮೇಲೆ ಆ ಅಭ್ಯಾಸವನ್ನು ಅಡುಗೆಮನೆಗೆ, ಅಂಗಡಿಗೆ, ಹೊಲಕ್ಕೆ ಕೊಂಡೊಯ್ಯುವುದೊಂದೇ ಬಾಕಿ.

ಬಿಡುವುದೆಂದರೆ ನಿರ್ಲಕ್ಷ್ಯವಲ್ಲ

‘ಎಲ್ಲವೂ ಶಿವನ ಇಚ್ಛೆ’ ಎಂದು ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಬಿಟ್ಟುಬಿಡುವುದು ಶರಣಾಗತಿಯಲ್ಲ. ಅದು ಪ್ರಜ್ಞಾಪರಾಧ. ಬುದ್ಧಿ, ಧೃತಿ, ಸ್ಮೃತಿಗಳು ತಪ್ಪಿ ಮನುಷ್ಯನು ತಿಳಿದೂ ತಿಳಿದೂ ಮಾಡುವ ಅಹಿತಕರ ಕೆಲಸಕ್ಕೆ ಶಾಸ್ತ್ರವು ಆ ಹೆಸರನ್ನು ಕೊಟ್ಟಿದೆ. ಊಟದ ಹೊತ್ತು, ಔಷಧದ ಹೊತ್ತು, ನಾಲಗೆಯ ಚಪಲ, ಬಾಯಿಯ ಮಾತು, ಮಲಗುವ ಹೊತ್ತು, ಇವು ನಿಶ್ಚಯವಾಗಿಯೂ ನಮ್ಮ ಕೈಯಲ್ಲಿವೆ. ಇವುಗಳ ಮೇಲೆ ಹಿಡಿತ ಸಡಿಲವಾಗಕೂಡದು. ಆಸ್ತಿಯ ಕಾಗದಪತ್ರಗಳನ್ನು ಸರಿಯಾಗಿಟ್ಟು ಮಕ್ಕಳಿಗೆ ತಿಳಿಸುವುದೂ ಹಿರಿಯರ ಕರ್ತವ್ಯವೇ. ಇನ್ನೊಬ್ಬರ ಮನಸ್ಸು, ಕಳೆದುಹೋದ ನಿನ್ನೆ, ಬಾರದಿರುವ ನಾಳೆ, ಆಕಾಶದ ಮೋಡ ಇವು ನಮ್ಮ ಕೈಯಲ್ಲಿಲ್ಲ. ದುಡಿದು ದಣಿದ ಕೈಗೆ ಮೊದಲನೆಯವೇ ಸಾಕಾಗುವಷ್ಟಿವೆ.

ದಿನಚರಿಯಲ್ಲಿ ಅಳವಡಿಸಿಕೊಳ್ಳಬೇಕಾದವು

ಮೊದಲಿಗೆ, ಹದಿಮೂರು ವೇಗಗಳಿಗೆ ಗೌರವ ಕೊಡಿರಿ. ಹಸಿದಾಗ ಊಟ, ಬಾಯಾರಿದಾಗ ನೀರು, ಆಕಳಿಕೆ ಬಂದಾಗ ಹಾಸಿಗೆ. ದೇಹದ ಮಾತನ್ನು ಕೇಳುವುದೇ ಹಿಡಿತ ಬಿಡುವ ಮೊದಲ ಅಭ್ಯಾಸ. ರಾತ್ರಿಯ ಊಟವನ್ನು ಎಂಟು ಗಂಟೆಯ ಒಳಗೆ ಮುಗಿಸಿರಿ. ಆ ಹೊತ್ತಿನಲ್ಲಿ ಲೆಕ್ಕ, ದೂರು, ವ್ಯಾಜ್ಯಗಳ ಮಾತು ಬೇಡ.

ಮಲಗುವ ಮುನ್ನ ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಅಂಗಾಲುಗಳಿಗೆ ಹಚ್ಚಿ ಐದು ನಿಮಿಷ ತಿಕ್ಕಿಕೊಳ್ಳಿರಿ. ಆಮೇಲೆ ಬಟ್ಟೆಯಿಂದ ಒರೆಸಿಕೊಳ್ಳಿರಿ. ಎಣ್ಣೆಗಾಲಿನಲ್ಲಿ ನಡೆದರೆ ಜಾರಿ ಬೀಳುವ ಭಯವಿದೆ. ಕಾಲಿನಲ್ಲಿ ಗಾಯವಿರುವ ಮಧುಮೇಹಿಗಳು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ನಿದ್ರೆ ತರುವ ದ್ರವ್ಯಗಳಲ್ಲಿ ಎಮ್ಮೆಯ ಹಾಲು ಶ್ರೇಷ್ಠವೆಂದು ಚರಕರು ಹೇಳಿದ್ದಾರೆ. ಜೀರ್ಣಶಕ್ತಿ ಚೆನ್ನಾಗಿರುವವರು, ಕಫದ ಬಾಧೆಯಿಲ್ಲದವರು ಅರ್ಧ ಲೋಟ ಬಿಸಿಹಾಲನ್ನು ಮಲಗುವ ಒಂದು ತಾಸಿಗೆ ಮೊದಲು ಕುಡಿಯಬಹುದು.

ಹಾಸಿಗೆಯ ಮೇಲೆ ಕುಳಿತು ನಾಲ್ಕು ಎಣಿಸುವವರೆಗೆ ಉಸಿರನ್ನು ಒಳಗೆಳೆದುಕೊಂಡು, ಆರು ಎಣಿಸುವವರೆಗೆ ನಿಧಾನವಾಗಿ ಬಿಡಿರಿ. ಹೀಗೆ ಐದು ನಿಮಿಷ. ಉಸಿರು ಬಿಡುವಾಗ ಎದೆಬಡಿತ ತಗ್ಗುತ್ತದೆ. ಬಿಡುವ ಅವಧಿ ದೀರ್ಘವಾದಷ್ಟೂ ನರಗಳು ಶಾಂತವಾಗುತ್ತವೆ. ಉಸಿರನ್ನು ಕಟ್ಟಿ ಹಿಡಿಯಬೇಡಿರಿ. ಗಡಿಯಾರವನ್ನು ಕಣ್ಣಿಗೆ ಕಾಣದಂತಿಡಿರಿ. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ರೆ ಬಾರದಿದ್ದರೆ ಹೊರಳಾಡದೆ ಎದ್ದು, ಬೇರೆಡೆ ಕುಳಿತು ಪಂಚಾಕ್ಷರಿಯನ್ನು ಜಪಿಸಿರಿ. ಕಣ್ಣು ಭಾರವಾದ ಮೇಲೆ ಹಾಸಿಗೆಗೆ ಮರಳಿರಿ.

ಕೊನೆಯದಾಗಿ, ತಿಂಗಳಿಗೆ ಒಂದು ಕೆಲಸವನ್ನು ಮಾತ್ರ ಆಯ್ದು ಮನೆಯ ಕಿರಿಯರಿಗೆ ಪೂರ್ಣವಾಗಿ ಒಪ್ಪಿಸಿರಿ. ಒಪ್ಪಿಸಿದ ಮೇಲೆ ಅದರ ತಪ್ಪೂ ಅವರದೇ, ಒಪ್ಪೂ ಅವರದೇ. ಕೇಳಿದರೆ ಸಲಹೆ ಕೊಡಿರಿ, ಕೇಳದಿದ್ದರೆ ಸುಮ್ಮನಿರಿ. ಎಲ್ಲವನ್ನೂ ಒಂದೇ ದಿನ ಬಿಡುವವರು ಮರುದಿನವೇ ಎಲ್ಲವನ್ನೂ ಮತ್ತೆ ಹಿಡಿದುಕೊಳ್ಳುತ್ತಾರೆ.

ಒಂದು ಎಚ್ಚರಿಕೆ ಅಗತ್ಯ. ಎದೆನೋವು, ಎಡಗೈ ಸೆಳೆತ, ಉಸಿರುಕಟ್ಟುವಿಕೆ ಕಂಡರೆ ಅದನ್ನು ಚಿಂತೆಯ ಫಲವೆಂದು ಮನೆಯಲ್ಲಿಯೇ ನಿರ್ಧರಿಸದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ರಾತ್ರಿ ಹಲವು ಬಾರಿ ಮೂತ್ರಕ್ಕೆ ಏಳುವವರು ಸಕ್ಕರೆ ಮತ್ತು ಪ್ರೊಸ್ಟೇಟ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಿದ್ರೆಗುಳಿಗೆಗಳನ್ನು ಬಹುಕಾಲ ಸೇವಿಸಿದವರು ತಾವಾಗಿಯೇ ಅವನ್ನು ಥಟ್ಟನೆ ನಿಲ್ಲಿಸಬಾರದು. ಎರಡು ವಾರಗಳಿಗೂ ಮೀರಿ ಮನಸ್ಸು ಕುಗ್ಗಿ, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ಬದುಕೇ ಬೇಡವೆನಿಸಿದರೆ ಅದೂ ಒಂದು ಕಾಯಿಲೆಯೇ. ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮನಸ್ಸಿನ ರೋಗಗಳಿಗೆ ಜ್ಞಾನ, ವಿಜ್ಞಾನ, ಧೈರ್ಯ, ಸ್ಮೃತಿ, ಸಮಾಧಿಗಳೇ ಔಷಧವೆಂದು ಚರಕರು ಹೇಳಿದ್ದಾರೆ. ಇವುಗಳಲ್ಲಿ ಹಿಡಿತ ಬಿಡುವವನಿಗೆ ಮೊದಲು ಬೇಕಾದುದು ಧೈರ್ಯ. ತಾನಿಲ್ಲದೆಯೂ ಮನೆ ನಡೆಯುತ್ತದೆಂಬ ಸತ್ಯವನ್ನು ಎದುರಿಸಲು ಧೈರ್ಯ ಬೇಕು. ಎದುರಿಸಿದವರಿಗೆ ತಿಳಿಯುವುದೇನೆಂದರೆ, ಮನೆಗೆ ಬೇಕಾಗಿದ್ದುದು ಕಾವಲುಗಾರನಲ್ಲ, ಹಿರಿಯ. ಈ ತಿಂಗಳು ಯಾವ ಕೀಲಿಕೈಯನ್ನು ಯಾರ ಕೈಗೆ ಕೊಡಬೇಕೆಂಬುದನ್ನು ನಾಳಿನ ಪೂಜೆಯ ನಂತರ, ಅಂಗೈ ಇನ್ನೂ ತೆರೆದಿರುವಾಗಲೇ, ನಿಶ್ಚಯಿಸಿರಿ.